ಹುಣ್ಣಿಮೆ ಬೇಡ, ನವಮಿಗೆ ಹೊರಡಿ: ಘಾರಾಪುರಿಯಿಂದ ಗೇಟ್‌ವೇವರೆಗೆ ಈಜುವವರಿಗೆ

ಪ್ರಶ್ನೆ: ನನಗೆ 36 ವರ್ಷ, ಮುಲುಂಡಿನಲ್ಲಿ ವಾಸ, ಊರು ಕುಂದಾಪುರದ ಹತ್ತಿರ. ಆರು ವರ್ಷದಿಂದ ಬಿಡದೆ ಈಜುತ್ತಿದ್ದೇನೆ. 25 ಮೀಟರಿನ ಕೊಳದಲ್ಲಿ 3 ಕಿ.ಮೀ.ಗೆ 1 ಗಂಟೆ 15 ನಿಮಿಷ ಬೇಕು. ಊರಿಗೆ ಹೋದಾಗ ಕಡಲಲ್ಲಿ ಒಂದೊಂದು ಗಂಟೆ ಈಜಿದ್ದೂ ಉಂಟು. ಬರುವ ಜನವರಿಯಲ್ಲಿ ಘಾರಾಪುರಿ, ಅಂದರೆ ಎಲಿಫೆಂಟಾ ದ್ವೀಪದಿಂದ ಗೇಟ್‌ವೇ ಆಫ್ ಇಂಡಿಯಾವರೆಗೆ ಈಜಬೇಕೆಂದಿದ್ದೇನೆ. ಹುಣ್ಣಿಮೆಯ ದಿನ ಇಳಿತ ಜೋರಾಗಿರುತ್ತದೆ, ಅದೇ ಎಳೆದು ದಡ ಮುಟ್ಟಿಸುತ್ತದೆ ಎನ್ನುತ್ತಾರೆ ಗೆಳೆಯರೊಬ್ಬರು. ನಿಜವೇ? ತಯಾರಿ ಎಲ್ಲಿಂದ ಶುರು ಮಾಡಲಿ?

ಉತ್ತರ: ನಿಮ್ಮ ಗೆಳೆಯರ ಮಾತು ಅರ್ಧ ನಿಜ. ಹುಣ್ಣಿಮೆ, ಅಮಾವಾಸ್ಯೆಗೆ ಸೆಳೆತ ಜೋರು, ಒಪ್ಪಿದೆವು. ಆದರೆ ಆ ಸೆಳೆತಕ್ಕೆ ನೀವು ಗೇಟ್‌ವೇಗೆ ಹೋಗಬೇಕೆಂದು ಗೊತ್ತಿಲ್ಲ. ಅದು ಹೊರಟಿರುವುದು ಕೊಲಾಬಾದ ತುದಿ ದಾಟಿ ಹೊರಕಡಲಿಗೆ. ಅದಕ್ಕಿಂತ ದೊಡ್ಡ ತೊಡಕು ಗಡಿಯಾರದ್ದು. ಮುಂಬಯಿಯಲ್ಲಿ ಹುಣ್ಣಿಮೆಯ ದಿನ ಪೂರ್ಣ ಭರತ, ಅಂದರೆ ಉಬ್ಬರ, ಬರುವುದು ನಡುಮಧ್ಯಾಹ್ನ ಮತ್ತು ನಡುರಾತ್ರಿಯ ಆಸುಪಾಸಿನಲ್ಲಿ. ಬೆಳಿಗ್ಗೆ ಆರರಿಂದ ಹನ್ನೆರಡರವರೆಗೆ ನೀರು ಒಳಕ್ಕೆ ನುಗ್ಗುತ್ತಿರುತ್ತದೆ. ಇಳಿತ ಬೇಕೆಂದರೆ ನೀವು ಮಧ್ಯಾಹ್ನ ಹನ್ನೆರಡರ ಮೇಲೆ ನೀರಿಗಿಳಿಯಬೇಕು. ಆಗ ವಾಯವ್ಯದ ಕಡಲಗಾಳಿ ಎದ್ದಿರುತ್ತದೆ, ಸೂರ್ಯ ನೇರ ಕಣ್ಣಿಗೆ ಹೊಡೆಯುತ್ತಾನೆ, ಲಾಂಚುಗಳ ಓಡಾಟ ಭರ್ಜರಿಯಾಗಿರುತ್ತದೆ. ಹಾಗಾಗಿ ಈ ಈಜಿನ ತಯಾರಿ ಕೊಳದಿಂದ ಶುರುವಾಗುವುದಿಲ್ಲ, ಮನೆಯ ಗೋಡೆಯ ಮೇಲಿನ ಕಾಲನಿರ್ಣಯ ಕ್ಯಾಲೆಂಡರಿನಿಂದ ಶುರುವಾಗುತ್ತದೆ.

ಕೊಂಕಣ ಕರಾವಳಿಯ ಮೀನುಗಾರರಲ್ಲಿ ಹಳೆಯ ಲೆಕ್ಕವೊಂದಿದೆ: ತಿಥಿಯ ಸಂಖ್ಯೆಯ ಮುಕ್ಕಾಲು ಎಷ್ಟೋ ಅಷ್ಟು ಗಂಟೆಗೆ ಪೂರ್ಣ ಭರತ. ಅಷ್ಟಮಿ ಎಂದರೆ ಎಂಟು, ಅದರ ಮುಕ್ಕಾಲು ಆರು, ಅಂದರೆ ಆರು ಗಂಟೆಗೆ ಭರತ. ನವಮಿಗೆ ಆರೂಮುಕ್ಕಾಲು, ದಶಮಿಗೆ ಏಳೂವರೆ. ಶುಕ್ಲಪಕ್ಷಕ್ಕೂ ಕೃಷ್ಣಪಕ್ಷಕ್ಕೂ ಇದೇ ಲೆಕ್ಕ. ಬೆಳಗಿನ ಭರತಕ್ಕೂ ಇದೇ, ಸಂಜೆಯದಕ್ಕೂ ಹೆಚ್ಚುಕಡಿಮೆ ಇದೇ. ಅಲ್ಲಿಂದ ಸುಮಾರು ಆರು ಗಂಟೆ ಹತ್ತು ನಿಮಿಷಕ್ಕೆ ಪೂರ್ಣ ಇಳಿತ. ನಿಮಗೆ ಬೇಕಾದದ್ದು ಬೆಳಕು ಹರಿಯುವ ಹೊತ್ತಿಗೆ ತುಂಬಿ ನಿಂತ ನೀರು, ಅಲ್ಲಿಂದ ಮಧ್ಯಾಹ್ನದವರೆಗೆ ಇಳಿತ. ಜನವರಿ ನಡುವಿನಲ್ಲಿ ಮುಂಬಯಿಯ ಸೂರ್ಯೋದಯ ಏಳೂಕಾಲರ ಹತ್ತಿರ. ನವಮಿ, ದಶಮಿಯ ಭರತ ಅದಕ್ಕೆ ಹೇಳಿ ಮಾಡಿಸಿದಂತೆ ಕೂಡುತ್ತದೆ.

ಇನ್ನೊಂದು ಲಾಭವೂ ಇದೆ. ಇಲ್ಲಿನ ಕೋಲಿ ಮೀನುಗಾರರು ಹುಣ್ಣಿಮೆ-ಅಮಾವಾಸ್ಯೆಯ ದೊಡ್ಡ ಭರತಕ್ಕೆ ಉಧಾಣ್ ಎನ್ನುತ್ತಾರೆ, ಅಷ್ಟಮಿಯ ಆಚೀಚೆಯ ಸಣ್ಣ ಭರತಕ್ಕೆ ಭಾಂಗ್ ಎನ್ನುತ್ತಾರೆ. ಉಧಾಣದಲ್ಲಿ ಮುಂಬಯಿ ಬಂದರಿನ ನೀರು ಮೂರೂವರೆ ಮೀಟರಿನಿಂದ ನಾಲ್ಕು ಮೀಟರ್ ಮೀರಿ ಏರಿಳಿಯುತ್ತದೆ. ಭಾಂಗಿನಲ್ಲಿ ಒಂದೂವರೆ ಮೀಟರಿನ ಆಸುಪಾಸು. ಅಷ್ಟೇ ಹೊತ್ತಿನಲ್ಲಿ ಅರ್ಧಕ್ಕೂ ಕಡಿಮೆ ನೀರು ಓಡಾಡಬೇಕಾದ್ದರಿಂದ ಸೆಳೆತವೂ ಅರ್ಧಕ್ಕಿಂತ ಕಡಿಮೆ. ಚಂದ್ರನಿಗಿಂತ ಕಡಲು ಒಂದೆರಡು ದಿನ ಹಿಂದೆ ನಡೆಯುತ್ತದೆ, ಆದ್ದರಿಂದ ನಿಜವಾದ ಭಾಂಗ್ ಅಷ್ಟಮಿಗಿಂತ ನವಮಿ-ದಶಮಿಗೇ ಹೆಚ್ಚು. ತಿಥಿಯ ಲೆಕ್ಕ ತಾರೀಖು ಆರಿಸುವುದಕ್ಕೆ ಸಾಕು. ನಿಮಿಷದ ಲೆಕ್ಕಕ್ಕೆ ಸರ್ವೆ ಆಫ್ ಇಂಡಿಯಾದ ಕೋಷ್ಟಕದಲ್ಲಿ ಅಪೋಲೋ ಬಂದರಿನ ಅಂಕಿಗಳನ್ನೇ ಹಿಡಿಯಿರಿ. ಅದೇ ನಿಮ್ಮ ಗುರಿಯ ಜಾಗ ಕೂಡ.

ತಿಂಗಳಿಗೆ ಎರಡು ಸಲ, ಒಂದೊಂದು ಸಲ ಎರಡು ಮೂರು ದಿನ. ಇಷ್ಟೇ ನಿಮಗಿರುವ ಅವಕಾಶ. ರಜೆ ಸಿಕ್ಕ ಭಾನುವಾರಕ್ಕೆ ಕಡಲನ್ನು ಹೊಂದಿಸಲು ಹೋಗಬೇಡಿ. ಭಾಂಗಿನ ಮೂರು ದಿನಗಳಲ್ಲಿ ಒಂದು ಸೋಮವಾರವಾಗಿದ್ದರೆ ಅದನ್ನೇ ಹಿಡಿಯಿರಿ. ಸೋಮವಾರ ಗುಹೆಗಳಿಗೆ ರಜೆ, ಪ್ರವಾಸಿಗರ ಲಾಂಚುಗಳ ಕಾಟ ಕಡಿಮೆ.

ಈಗ ದಿಕ್ಕಿನ ಮಾತು. ಹೆಚ್ಚಿನವರು ಎಡವುವುದು ಇಲ್ಲೇ. ಘಾರಾಪುರಿಯಿಂದ ಗೇಟ್‌ವೇ ನೇರ ಗೆರೆಯಲ್ಲಿ ಸುಮಾರು 11 ಕಿ.ಮೀ., ಪಶ್ಚಿಮಕ್ಕೆ, ಸ್ವಲ್ಪ ದಕ್ಷಿಣಕ್ಕೆ ವಾಲಿ. ಈಜುಗಾರರ ಬಾಯಲ್ಲಿ ಇದು 14 ಕಿ.ಮೀ. ಎಂದೇ ರೂಢಿ, ಏಕೆಂದರೆ ಯಾರೂ ನೇರ ಗೆರೆಯಲ್ಲಿ ಈಜುವುದಿಲ್ಲ. ಇಳಿತದ ನೀರು ಥಾಣೆ ಖಾಡಿಯಿಂದ ಹೊರಟು ನೈಋತ್ಯಕ್ಕೆ, ಇನ್ನೂ ಹೆಚ್ಚು ದಕ್ಷಿಣಕ್ಕೆ ವಾಲಿ ಹರಿಯುತ್ತದೆ. ಅಂದರೆ ಅದು ನಿಮ್ಮ ಬೆನ್ನಿನ ಕಡೆಯಿಂದ ಓರೆಯಾಗಿ ಬಂದು ಮುಂದಕ್ಕೂ ನೂಕುತ್ತದೆ, ಎಡಕ್ಕೂ ನೂಕುತ್ತದೆ.

ನಿಮ್ಮ ಅಂಕಿಗಳನ್ನೇ ಇಟ್ಟು ನೋಡೋಣ. ಕೊಳದಲ್ಲಿ ನಿಮ್ಮ ವೇಗ ಗಂಟೆಗೆ 2.4 ಕಿ.ಮೀ. ಅದರಲ್ಲಿ 25 ಮೀಟರಿಗೊಮ್ಮೆ ಗೋಡೆ ಒದ್ದು ಪಡೆದ ಪಾಲೂ ಸೇರಿದೆ, 3 ಕಿ.ಮೀ. ಎಂದರೆ 119 ಸಲ ಗೋಡೆ ಒದ್ದಿದ್ದೀರಿ. ಕಡಲಲ್ಲಿ ಗೋಡೆ ಇಲ್ಲ, ಅಲೆ ಇದೆ, ತಲೆ ಎತ್ತಿ ದಿಕ್ಕು ನೋಡಬೇಕು. ಉದ್ದದ ಈಜಿಗೆ 2.2 ಎಂದು ಹಿಡಿಯಿರಿ. ಭಾಂಗಿನ ದಿನ ಇಳಿತದ ಸರಾಸರಿ ಸೆಳೆತ ಅರ್ಧ ನಾಟ್, ಅಂದರೆ ಗಂಟೆಗೆ 0.9 ಕಿ.ಮೀ. ಎಂದುಕೊಳ್ಳೋಣ. ತ್ರಿಕೋನ ಬರೆದು ಬಿಡಿಸಿದರೆ ಅದರಲ್ಲಿ ಸುಮಾರು 0.7 ನಿಮ್ಮ ದಾರಿಯುದ್ದಕ್ಕೆ ಸಿಗುತ್ತದೆ, 0.6 ಎಡಕ್ಕೆ ತಳ್ಳುತ್ತದೆ. ಗೇಟ್‌ವೇಗೆ ಮುಖ ಮಾಡಿ ಸುಮ್ಮನೆ ಈಜುತ್ತ ಹೋದಿರೋ, ನಾಲ್ಕು ಗಂಟೆಯ ಕೊನೆಗೆ ದಾರಿಯಿಂದ ಎರಡು ಕಿ.ಮೀ.ಗಿಂತ ಹೆಚ್ಚು ದಕ್ಷಿಣಕ್ಕಿರುತ್ತೀರಿ. ಗೇಟ್‌ವೇಯ ದಕ್ಷಿಣಕ್ಕಿರುವ ಸಸೂನ್ ಡಾಕೂ ನಿಮ್ಮ ಬಲಗಡೆ ಹಿಂದೆ ಉಳಿದಿರುತ್ತದೆ. ಅಲ್ಲಿಂದ ಸೆಳೆತಕ್ಕೆ ಎದುರಾಗಿ ಗೇಟ್‌ವೇಗೆ ಏರುವುದೆಂದರೆ, ಅಷ್ಟು ಈಜಿ ದಣಿದ ತೋಳಿಗೆ ಆಗುವ ಮಾತಲ್ಲ.

ತುಂಬಿದ ಹೊಳೆ ದಾಟಿಸುವ ದೋಣಿಯವನನ್ನು ನೋಡಿದ್ದೀರಲ್ಲ. ಆಚೆ ದಡದ ಮೆಟ್ಟಿಲಿಗೆ ಅವನು ದೋಣಿಯ ಮೂತಿ ಹಿಡಿಯುವುದಿಲ್ಲ. ಮೇಲಕ್ಕೆ ಹಿಡಿಯುತ್ತಾನೆ, ಹೊಳೆ ಅವನನ್ನು ಮೆಟ್ಟಿಲಿಗೆ ಇಳಿಸುತ್ತದೆ. ಇಲ್ಲೂ ಅದೇ. ಮೇಲಿನ ಲೆಕ್ಕಕ್ಕೆ ನೀವು ಗುರಿಗಿಂತ ಸುಮಾರು 16 ಡಿಗ್ರಿ ಉತ್ತರಕ್ಕೆ ಮುಖ ಮಾಡಬೇಕು. ದೋಣಿಯಲ್ಲಿ ನಿಂತವರು ಕೈ ಪೂರ್ತಿ ಚಾಚಿ ಮುಷ್ಟಿ ಹಿಡಿದರೆ ಒಂದು ಮುಷ್ಟಿಯ ಅಗಲ ಸುಮಾರು 10 ಡಿಗ್ರಿ. ತಾಜ್ ಹೋಟೆಲಿನ ಟವರಿನಿಂದ ಬಲಕ್ಕೆ ಒಂದೂವರೆ ಮುಷ್ಟಿ. ಹೀಗೆ ಹೋದರೆ ಗಂಟೆಗೆ 2.8 ಕಿ.ಮೀ. ದಾರಿ ಸಾಗುತ್ತದೆ, 11 ಕಿ.ಮೀ.ಗೆ ನಾಲ್ಕು ಗಂಟೆ. ಸುತ್ತುಬಳಸು, ಆಹಾರಕ್ಕೆ ನಿಲ್ಲುವುದು ಸೇರಿ ನಾಲ್ಕೂವರೆ.

ಉಧಾಣಕ್ಕೆ ಇದೇ ಲೆಕ್ಕ ಹಾಕಿ. ಸರಾಸರಿ ಒಂದೂವರೆ ನಾಟ್ ಸೆಳೆತವಿದ್ದರೆ ಪಕ್ಕಕ್ಕೆ ತಳ್ಳುವ ಪಾಲೇ ಗಂಟೆಗೆ 1.8 ಕಿ.ಮೀ. ಆಗುತ್ತದೆ. ನಿಮ್ಮ ವೇಗ 2.2. ಮುಖವನ್ನು 55 ಡಿಗ್ರಿ ಉತ್ತರಕ್ಕೆ ತಿರುಗಿಸಿ, ಬಹುಪಾಲು ಶಕ್ತಿಯನ್ನು ಜಾರದೆ ಉಳಿಯುವುದಕ್ಕೇ ಸುರಿಯಬೇಕು. ಇಳಿತದ ಮಧ್ಯದ ಎರಡು ಗಂಟೆಗಳಲ್ಲಿ ಸೆಳೆತ ಸರಾಸರಿಗಿಂತ ಜೋರು. ಆಗ ತಳ್ಳುವ ಪಾಲು ನಿಮ್ಮ ವೇಗವನ್ನೇ ಮೀರಬಹುದು. ಕಾಗದದ ಮೇಲೆ ಉಧಾಣಕ್ಕೆ ಮುಕ್ಕಾಲು ಗಂಟೆ ಉಳಿಯುತ್ತದೆ, ನಿಜ. ಆದರೆ ಹತ್ತು ನಿಮಿಷ ದಿಕ್ಕು ತಪ್ಪಿದರೆ ಗೇಟ್‌ವೇ ಕೈ ಬಿಟ್ಟು ಹೋಯಿತು ಎಂದೇ ಅರ್ಥ. ಗಂಟೆಗೆ ನಾಲ್ಕು ಕಿ.ಮೀ. ಈಜುವ ಸ್ಪರ್ಧಾಳುಗಳಿಗೆ ಅದು ಆಟ. ನಿಮ್ಮ ನನ್ನ ವೇಗದವರಿಗೆ ಅಲ್ಲ.

ಇಳಿತದ ಆರು ಗಂಟೆಯಲ್ಲಿ ನೀರು ಒಂದೇ ಸಮ ಹರಿಯುವುದಿಲ್ಲ. ಒಟ್ಟು ಇಳಿಯುವ ನೀರನ್ನು ಹನ್ನೆರಡು ಪಾಲು ಮಾಡಿದರೆ ಮೊದಲ ಗಂಟೆ ಒಂದು ಪಾಲು, ಎರಡನೆಯದು ಎರಡು, ಮೂರು ಮತ್ತು ನಾಲ್ಕನೆಯ ಗಂಟೆ ಮೂರು ಮೂರು, ಐದನೆಯದು ಎರಡು, ಕೊನೆಯದು ಒಂದು. ಆದ್ದರಿಂದ ಮೊದಲ ಗಂಟೆಯಲ್ಲಿ, ಸೆಳೆತ ಇನ್ನೂ ಕಣ್ಣು ಬಿಡದಿರುವಾಗ, ಆದಷ್ಟು ಉತ್ತರದ ಮೇಲುಗೈ ಸಂಪಾದಿಸಿಕೊಳ್ಳಿ. ಹೊರಡುವ ಹೊತ್ತು ಪೂರ್ಣ ಭರತದಿಂದ ಅದಾದ ಅರ್ಧ ಗಂಟೆಯೊಳಗೆ. ತಡವಾದರೆ ಕೊನೆಯ ಕಿಲೋಮೀಟರಿನಲ್ಲಿ ನೀರು ತಿರುಗಿ, ಹೊಸ ಭರತ ನಿಮ್ಮನ್ನು ಉತ್ತರದ ಡಾಕುಗಳ ಕಡೆ ಎಳೆಯತೊಡಗುತ್ತದೆ. ಅದು ನೌಕಾಪಡೆಯ ಜಾಗ, ಅಲ್ಲಿಗೆ ಈಜಿಕೊಂಡು ಹೋಗುವ ಹಾಗಿಲ್ಲ.

ದಾರಿಯಲ್ಲೊಂದು ಅಡ್ಡಿಯಿದೆ: ಜವಾಹರ್ ದ್ವೀಪ, ಹಳೆಯ ಹೆಸರು ಬುಚರ್ ಐಲ್ಯಾಂಡ್. ತೈಲ ಹಡಗುಗಳು ಕಟ್ಟುವ ಜಾಗ. ನೇರ ಗೆರೆ ಎಳೆದರೆ ಬಹುಮಟ್ಟಿಗೆ ಅದರ ಮೈಗೇ ತಾಗುತ್ತದೆ. ಅದರ ಹತ್ತಿರ ಸುಳಿಯಲು ಬಿಡುವುದಿಲ್ಲ. ಯಾವ ಪಕ್ಕದಿಂದ, ಎಷ್ಟು ದೂರದಿಂದ ಹಾಯಬೇಕು ಎಂಬುದನ್ನು ಅನುಮತಿ ಕೇಳುವಾಗಲೇ ಬಂದರಿನವರಿಂದ ಬರೆಸಿಕೊಳ್ಳಿ. ದಕ್ಷಿಣದಿಂದ ಹಾಯಿರಿ ಎಂದರೆ ನಿಮ್ಮ ಮೇಲುಗೈ ಒಂದಿಷ್ಟು ಅಲ್ಲೇ ಖರ್ಚಾಗುತ್ತದೆ. ದ್ವೀಪ ದಾಟಿದ ಕೂಡಲೇ ಒಂದೂವರೆ ಮುಷ್ಟಿಯ ಬದಲು ಎರಡೂವರೆ ಮುಷ್ಟಿ ಬಲಕ್ಕೆ ಹಿಡಿದು ಅದನ್ನು ಗಳಿಸಿಕೊಳ್ಳಬೇಕು.

ಸೆಳೆತ ಕೋಷ್ಟಕದ ಪ್ರಕಾರವೇ ನಡೆಯುತ್ತಿದೆಯೇ ಎಂದು ತಿಳಿಯಲು ಜಿಪಿಎಸ್ ಇರಲಿ. ಆದರೆ ಕಣ್ಣಿಗೆ ಕಾಣುವ ಸಾಕ್ಷಿ ಎರಡಿವೆ. ಲಂಗರು ಹಾಕಿದ ಹಡಗುಗಳ ಮೂತಿ ಎತ್ತ ಇದೆ ನೋಡಿ. ಗಾಳಿ ಜೋರಿಲ್ಲದಿದ್ದರೆ ನೀರು ಬರುವುದು ಆ ಕಡೆಯಿಂದ. ಇಳಿತದಲ್ಲಿ ಅವೆಲ್ಲ ಒಳಕ್ಕೆ, ಥಾಣೆಯ ಕಡೆಗೆ ಮುಖ ಮಾಡಿ ನಿಂತಿರುತ್ತವೆ. ಕೆಲವು ಒಂದು ಕಡೆ ಕೆಲವು ಇನ್ನೊಂದು ಕಡೆ ನೋಡುತ್ತಿದ್ದರೆ ನೀರು ತಿರುಗುವ ಹೊತ್ತು. ಎರಡನೆಯದು ಹಡಗುದಾರಿಯ ಗುರುತಿಗೆ ತೇಲಬಿಟ್ಟ ಬೋಯಾ. ಅದರ ಒಂದು ಮಗ್ಗುಲಲ್ಲಿ ನೀರು ಗುಪ್ಪೆಯಾಗಿ ಏರಿ, ಇನ್ನೊಂದು ಮಗ್ಗುಲಲ್ಲಿ ಬಾಲದ ಹಾಗೆ ಸುಳಿ ಎಳೆದುಕೊಂಡಿರುತ್ತದೆ. ಬಾಲ ಇರುವ ಕಡೆಗೆ ಸೆಳೆತ. ಬಾಲ ಉದ್ದವಾಗಿ ನೊರೆ ಕಟ್ಟಿದ್ದರೆ ನೀವು ಹಿಡಿದ ಅರ್ಧ ನಾಟ್ ಲೆಕ್ಕ ಬಿಡಿ, ಇನ್ನೊಂದು ಮುಷ್ಟಿ ಬಲಕ್ಕೆ ತಿರುಗಿ.

ಕಾಲದ ಬಗ್ಗೆ ಹೆಚ್ಚು ಹೇಳಬೇಕಾಗಿಲ್ಲ. ನವೆಂಬರಿನಿಂದ ಫೆಬ್ರವರಿ ಸರಿಯಾದ ಕಾಲ. ಜನವರಿಯಲ್ಲಿ ನೀರು 24-25 ಡಿಗ್ರಿಗೆ ಬಂದಿರುತ್ತದೆ, ಮೇ ತಿಂಗಳಿಗೆ 30 ಮುಟ್ಟುತ್ತದೆ. 30 ಡಿಗ್ರಿಯ ನೀರಿನಲ್ಲಿ ಐದು ಗಂಟೆ ಈಜಿದರೆ ಮೈ ಕಾದು ಕೆಡುತ್ತದೆ. ಬೆಳಿಗ್ಗೆ ನೆಲದ ಕಡೆಯಿಂದ ಮಂದಗಾಳಿ, ಹನ್ನೊಂದು ಹನ್ನೆರಡರ ಮೇಲೆ ಕಡಲಗಾಳಿ. ಹೊರಕ್ಕೆ ಹರಿಯುವ ಇಳಿತಕ್ಕೆ ಅಡ್ಡಲಾಗಿ ಆ ಗಾಳಿ ಬೀಸಿದಾಗ ಅಲೆಗಳು ಮೋಟಾಗಿ, ಕಡಿದಾಗಿ, ಒಂದರ ಬೆನ್ನಿಗೊಂದು ಬರುತ್ತವೆ. ಉಸಿರೆಳೆಯಲು ಬಾಯಿ ತೆರೆದರೆ ಉಪ್ಪುನೀರೇ ಸಿಗುತ್ತದೆ. ಮುನ್ಸೂಚನೆಯಲ್ಲಿ ಬೆಳಗಿನ ಗಾಳಿ ಹತ್ತು ನಾಟ್ ಮೀರಿದ್ದರೆ ಆ ದಿನ ಬಿಟ್ಟುಬಿಡಿ. ಚಳಿಗಾಲದ ಮುಂಬಯಿಗೆ ಇನ್ನೊಂದು ಪೀಡೆ ಧೂಳುಮಂಜು. ಘಾರಾಪುರಿಯ ಜೆಟ್ಟಿಯಿಂದ ಜವಾಹರ್ ದ್ವೀಪ ಸ್ಪಷ್ಟ ಕಾಣುವವರೆಗೆ ನೀರಿಗಿಳಿಯಬೇಡಿ. ನಿಮಗೆ ದಾರಿ ಕಾಣುವುದಿಲ್ಲ ಎಂಬುದು ಅಷ್ಟು ದೊಡ್ಡ ವಿಷಯವಲ್ಲ, ಲಾಂಚಿನವರಿಗೆ ನೀವು ಕಾಣುವುದಿಲ್ಲ ಎಂಬುದು ದೊಡ್ಡದು. 2024ರ ಡಿಸೆಂಬರಿನಲ್ಲಿ ಇದೇ ಘಾರಾಪುರಿ ದಾರಿಯ ಪ್ರಯಾಣಿಕರ ಲಾಂಚಿಗೆ ಹಾಡುಹಗಲೇ ವೇಗದ ದೋಣಿಯೊಂದು ಬಡಿದು ಹಲವರು ಸತ್ತರು. ಅಷ್ಟು ದೊಡ್ಡ ಲಾಂಚಿಗೇ ಆ ಗತಿ. ನೀರಿನ ಮೇಲೆ ನಿಮ್ಮದು ಒಂದು ಟೋಪಿ ಮಾತ್ರ.

ಆ ಟೋಪಿ ಕಿತ್ತಳೆ ಅಥವಾ ಕಡುಹಳದಿ ಇರಲಿ. ಬಿಳಿ ಬೇಡ, ನೊರೆಯಲ್ಲಿ ಮುಚ್ಚಿಹೋಗುತ್ತದೆ. ನೀಲಿಯಂತೂ ಬೇಡವೇ ಬೇಡ. ಬೆಳಿಗ್ಗೆ ಪಶ್ಚಿಮಕ್ಕೆ ಈಜುವುದರಿಂದ ಸೂರ್ಯ ಬೆನ್ನಿಗಿರುತ್ತಾನೆ, ತಿಳಿಬಣ್ಣದ ಕನ್ನಡಕ ಸಾಕು. ನೀರಿನಲ್ಲಿರುವಾಗ ನಿಮ್ಮ ಕಣ್ಣು ನೀರಿನಿಂದ ಒಂದು ಗೇಣು ಮೇಲೆ ಇರುತ್ತದೆ. ಅಷ್ಟು ತಗ್ಗಿನಿಂದ ದಿಗಂತ ಒಂದೂವರೆ ಕಿ.ಮೀ.ಗೆ ಮುಗಿಯುತ್ತದೆ, ಅದಕ್ಕಿಂತ ದೂರದ್ದು ಎತ್ತರದ್ದಾದರೆ ಮಾತ್ರ ಕಾಣುತ್ತದೆ. ಗೇಟ್‌ವೇಯ ಎತ್ತರ 26 ಮೀಟರ್ ಅಷ್ಟೇ. ಹಿಂದಿನ ಕಟ್ಟಡಗಳ ಬಣ್ಣದಲ್ಲಿ ಅದು ಕರಗಿಹೋಗಿ, ಕೊನೆಯ ಎರಡು ಕಿ.ಮೀ.ವರೆಗೆ ಅದನ್ನು ಗುರುತಿಸುವುದು ಕಷ್ಟ. ಅದರ ಪಕ್ಕದ ತಾಜ್ ಟವರೇ ನಿಮ್ಮ ಗುರುತು. ಹಾಗೆಂದು ಹತ್ತು ಸಲ ತಲೆ ಎತ್ತಿ ದಡ ಹುಡುಕಬೇಡಿ. ತಲೆ ಎತ್ತಿದಷ್ಟೂ ಸೊಂಟ ಮುಳುಗುತ್ತದೆ, ಕತ್ತು ಸೋಲುತ್ತದೆ. ದಿಕ್ಕು ಹಿಡಿಯುವುದು ದೋಣಿಯವರ ಕೆಲಸ. ಪಕ್ಕಕ್ಕೆ ಉಸಿರೆಳೆಯುವಾಗ ದೋಣಿಯನ್ನು ನೋಡಿಕೊಂಡು ಅದಕ್ಕೆ ಸಮನಾಗಿ ಈಜುವುದು ನಿಮ್ಮ ಕೆಲಸ.

ದೋಣಿ ಎರಡು ಬೇಕು. ಒಂದು ದೊಡ್ಡದು, ವೀಕ್ಷಕರು, ವೈದ್ಯರು, ಆಹಾರ ಎಲ್ಲ ಅದರಲ್ಲಿ. ಇನ್ನೊಂದು ಚಿಕ್ಕ ಹೋಡಿ ಅಥವಾ ಕಯಾಕ್, ನಿಮ್ಮಿಂದ ಐದಾರು ಮೀಟರ್ ದೂರದಲ್ಲಿ. ದೊಡ್ಡ ದೋಣಿಗೆ ಆರಿಸಬೇಕಾದ್ದು ದೋಣಿಯನ್ನಲ್ಲ, ಅದನ್ನು ನಡೆಸುವ ತಾಂಡೇಲನನ್ನು. ಗಂಟೆಗೆ ಎರಡೂವರೆ ಕಿ.ಮೀ. ವೇಗದಲ್ಲಿ ನಾಲ್ಕೈದು ಗಂಟೆ ದೋಣಿ ನಡೆಸುವುದು ಓಡಿಸುವುದಕ್ಕಿಂತ ಕಷ್ಟ. ಅಭ್ಯಾಸವಿಲ್ಲದವ ಸಾವಿರ ಮೀಟರ್ ಮುಂದೆ ಹೋಗಿ ನಿಂತು ಬೀಡಿ ಹಚ್ಚುತ್ತಾನೆ. ಕೋಲಿ ಮೀನುಗಾರರು ಗೂಟ ನೆಟ್ಟು ಕಟ್ಟುವ ಡೋಲ್ ಬಲೆಗಳ ಜಾಗ ಗೊತ್ತಿರುವವನೇ ಬೇಕು. ಹೊಗೆ ನಿಮ್ಮ ಕಡೆ ಬರದಂತೆ ದೋಣಿ ಗಾಳಿಯ ಕೆಳಗಡೆ ಇರಲಿ. ಡೀಸೆಲ್ ಹೊಗೆ ಅರ್ಧ ಗಂಟೆ ಕುಡಿದರೆ ವಾಂತಿ ಗ್ಯಾರಂಟಿ. ನೀವು ಹತ್ತಿರ ಬರುವ ಮೊದಲು ಎಂಜಿನ್ ನ್ಯೂಟ್ರಲ್ಲಿಗೆ ಬರಬೇಕು, ಪ್ರತಿ ಸಲವೂ. ವಿಎಚ್‌ಎಫ್ ರೇಡಿಯೊ 16ನೆಯ ಚಾನೆಲ್ಲಿನಲ್ಲಿ ತೆರೆದಿರಲಿ. ಕೋಸ್ಟ್ ಗಾರ್ಡಿನ 1554 ಸಂಖ್ಯೆ ಎಲ್ಲರ ಫೋನಿನಲ್ಲೂ ಇರಲಿ.

ಟೋಪಿ, ಕಿವಿಬಿರಟೆ ಹಾಕಿಕೊಂಡ ಮೇಲೆ ನಿಮಗೆ ಕೂಗು ಕೇಳುವುದಿಲ್ಲ. ಕೂಗಾಟದಲ್ಲೇ ಅರ್ಧ ಗೊಂದಲ ಹುಟ್ಟುತ್ತದೆ. ಕಿವಿ ಕೇಳದ, ಕಣ್ಣೂ ಮಂದವಾಗಿದ್ದ ಮುಂಬಯಿಯ ತಾರಾನಾಥ ಶೆಣೈ ಇಂಗ್ಲಿಷ್ ಕಾಲುವೆಯನ್ನೇ ದಾಟಿದವರು. ಮಾತಿಲ್ಲದೆ ಈಜು ನಡೆಯುತ್ತದೆ. ಒಂದು ಬಿಳಿ ಹಲಗೆ, ದಪ್ಪ ಕಪ್ಪು ಪೆನ್ನು, ನಾಲ್ಕು ಸನ್ನೆ ಸಾಕು: ಬಲಕ್ಕೆ, ಎಡಕ್ಕೆ, ಆಹಾರ, ನಿಲ್ಲು. ಎಷ್ಟು ದೂರ ಉಳಿದಿದೆ ಎಂದು ಹಲಗೆಯ ಮೇಲೆ ಬರೆಯಬೇಡಿ ಎಂದು ಮೊದಲೇ ತಾಕೀತು ಮಾಡಿ. ಇನ್ನೇನು ಬಂತು ಎಂದು ಬರೆದು ಒಂದು ಗಂಟೆ ಈಜಿಸಿದರೆ ಮನಸ್ಸು ಮುರಿಯುತ್ತದೆ.

ಆಹಾರ ಅರ್ಧ ಗಂಟೆಗೊಮ್ಮೆ, ಹಸಿವಾಗಲಿ ಬಿಡಲಿ. ಪ್ರತಿ ಸಲ 250ರಿಂದ 300 ಮಿ.ಲೀ. ದ್ರವ, ಅದರಲ್ಲಿ 30 ಗ್ರಾಂ ಸಕ್ಕರೆಯಂಶ. ಅಂಗಡಿಯ ಮಾಲ್ಟೊಡೆಕ್ಸ್ಟ್ರಿನ್ ಪುಡಿ ಒಳ್ಳೆಯದು, ಸಿಹಿ ಕಡಿಮೆ, ಹೊಟ್ಟೆ ತೊಳಸುವುದಿಲ್ಲ. ಅದು ಒಗ್ಗದವರಿಗೆ ಉಗುರುಬೆಚ್ಚಗಿನ ಗಂಜಿತಿಳಿಗೆ ಬೆಲ್ಲ, ಲೀಟರಿಗೆ ಕಾಲು ಚಮಚ ಉಪ್ಪು ಕದಡಿ ಕೊಟ್ಟರೆ ಚೆನ್ನಾಗಿ ಇಳಿಯುತ್ತದೆ. ಎಳನೀರು ಮಾತ್ರ ನೆಚ್ಚಬೇಡಿ, ಅದರಲ್ಲಿ ಸೋಡಿಯಂ ಸಾಲದು. ಬಾಳೆಹಣ್ಣಾದರೆ ಕಾಲುಭಾಗ, ಬೀಜ ತೆಗೆದ ಖರ್ಜೂರವಾದರೆ ಒಂದು. ನಿಯಮದ ಪ್ರಕಾರ ನೀವು ದೋಣಿ ಮುಟ್ಟುವ ಹಾಗಿಲ್ಲ. ಅಗಲಬಾಯಿಯ ಬಾಟಲಿಯ ಕತ್ತಿಗೆ ಏಳೆಂಟು ಮೀಟರ್ ಹಗ್ಗ ಕಟ್ಟಿ ಎಸೆಯುತ್ತಾರೆ. ನೀವು ಅಂಗಾತ ಮಲಗಿ, ಕಾಲಾಡಿಸುತ್ತ, ನಾಲ್ಕು ಗುಟುಕಿನಲ್ಲಿ ಮುಗಿಸಿ ಬಿಟ್ಟುಬಿಡುತ್ತೀರಿ. ನಲವತ್ತು ಸೆಕೆಂಡು ಸಾಕು. ಮಾತಿಗೆ ನಿಂತರೆ ಭಾಂಗಿನಲ್ಲೂ ಒಂದು ನಿಮಿಷಕ್ಕೆ 15 ಮೀಟರ್ ಕೆಳಕ್ಕೆ ಜಾರುತ್ತೀರಿ. ಮೂರನೆಯ ಗಂಟೆಯ ಮೇಲೆ ನಾಲಗೆ ಉಪ್ಪಿಗೆ ದಪ್ಪವಾಗಿ ಊದುತ್ತದೆ, ಎಲ್ಲವೂ ರುಚಿ ಕೆಡುತ್ತದೆ. ಆಹಾರಕ್ಕೆ ಮೊದಲು ಒಂದು ಗುಟುಕು ಸಿಹಿನೀರಿನಿಂದ ಬಾಯಿ ಮುಕ್ಕಳಿಸಿ ಉಗಿಯಿರಿ.

ಚರ್ಮ ಉಜ್ಜಿ ಹುಣ್ಣಾಗುವ ಜಾಗಗಳು ಗೊತ್ತಿದ್ದದ್ದೇ: ಕಂಕುಳು, ತೊಡೆಸಂದು, ಕತ್ತಿನ ಹಿಂಭಾಗ. ಗಂಡಸರು ಮರೆಯುವುದು ಗದ್ದ. ಒಂದು ದಿನದ ಗಡ್ಡ ಉಪ್ಪುನೀರಿನಲ್ಲಿ ಭುಜವನ್ನು ಮರಳುಕಾಗದದ ಹಾಗೆ ತಿಕ್ಕುತ್ತದೆ. ವ್ಯಾಸಲೀನಿಗೆ ಲ್ಯಾನೋಲಿನ್ ಬೆರೆಸಿ ದಪ್ಪಗೆ ಹಚ್ಚಿಸಿಕೊಳ್ಳಿ, ಕೈಗವಸು ಹಾಕಿದ ಇನ್ನೊಬ್ಬರಿಂದ. ನೀವೇ ಹಚ್ಚಿಕೊಂಡು ಅದೇ ಬೆರಳಲ್ಲಿ ಕನ್ನಡಕ ಮುಟ್ಟಿದರೆ ನಾಲ್ಕು ಗಂಟೆ ಮಂಜಿನಲ್ಲೇ ಈಜಬೇಕು.

ಬಂದರಿನ ನೀರು ಕೊಳಕು, ಸುಳ್ಳು ಹೇಳಿ ಪ್ರಯೋಜನವಿಲ್ಲ. ಇಳಿತ ಎಂದರೆ ಖಾಡಿಯ ಚರಂಡಿಯೂ ನಿಮ್ಮ ಜೊತೆಗೇ ಬರುತ್ತದೆ. ಹೆಪಟೈಟಿಸ್ ಎ, ಟೈಫಾಯ್ಡ್, ಧನುರ್ವಾತದ ಚುಚ್ಚುಮದ್ದುಗಳನ್ನು ವೈದ್ಯರನ್ನು ಕೇಳಿ ಮೊದಲೇ ಹಾಕಿಸಿಕೊಳ್ಳಿ. ಮೈಮೇಲೆ ಹಸಿಗಾಯವಿದ್ದರೆ ಇಳಿಯಬೇಡಿ. ಅಕಾಲ ಮಳೆ ಬಂದರೆ ಮೂರು ದಿನ ಕಾಯಿರಿ.

ಯಾವಾಗ ಮೇಲೆತ್ತಬೇಕು ಎಂಬುದನ್ನು ದಡದಲ್ಲೇ ಬರೆದಿಡಿ. ನೀರಿನಲ್ಲಿರುವವನಿಗೆ ಆ ತೀರ್ಮಾನ ಬಿಡಬಾರದು. ಅರ್ಧ ಗಂಟೆಗೊಮ್ಮೆ ನಿಮಿಷಕ್ಕೆ ಎಷ್ಟು ಕೈ ಬೀಸುತ್ತೀರಿ ಎಂದು ಎಣಿಸಿ ಬರೆಯಲಿ. ನಿಮ್ಮದು 60 ಇದ್ದು 50ಕ್ಕೆ ಇಳಿದರೆ ಹಲಗೆಯಲ್ಲಿ ಒಂದು ಪ್ರಶ್ನೆ: ಮನೆಯ ಫೋನ್ ಸಂಖ್ಯೆ ಹೇಳಿ. ತೊದಲಿದರೆ, ತಡವರಿಸಿದರೆ ಈಜು ಅಲ್ಲಿಗೆ ಮುಗಿಯಿತು. 24 ಡಿಗ್ರಿಯ ನೀರು ಬೆಚ್ಚಗೆ ಎನಿಸುತ್ತದೆ, ಆದರೆ ತೆಳ್ಳಗಿನವರ ಮೈಯ ಶಾಖವನ್ನು ನಾಲ್ಕು ಗಂಟೆಯಲ್ಲಿ ಸದ್ದಿಲ್ಲದೆ ಹೀರುತ್ತದೆ. ಒಣಕೆಮ್ಮು, ಎದೆಯಲ್ಲಿ ಗೊರಗೊರ, ನಸುಗೆಂಪು ನೊರೆಯ ಕಫ ಕಂಡರೆ ಒಂದು ನಿಮಿಷವೂ ಕಾಯಬಾರದು. ಶ್ವಾಸಕೋಶದಲ್ಲಿ ನೀರು ತುಂಬುತ್ತಿರುವ ಗುರುತು ಅದು. ಕಾಲದ ಗಡುವೂ ಬೇಕು. ಹೊರಟು ಒಂದೂಮುಕ್ಕಾಲು ಗಂಟೆಯೊಳಗೆ ಜವಾಹರ್ ದ್ವೀಪ ಹಿಂದೆ ಬೀಳದಿದ್ದರೆ, ಅಥವಾ ಪೂರ್ಣ ಇಳಿತಕ್ಕೆ ಮುಕ್ಕಾಲು ಗಂಟೆ ಉಳಿದಿರುವಾಗ ದೊಡ್ಡ ಹಡಗುದಾರಿ ದಾಟಿ ಆಗಿರದಿದ್ದರೆ, ಆ ದಿನ ಕೈಬಿಡಿ. ಹದಿನೈದು ದಿನಕ್ಕೆ ಇನ್ನೊಂದು ನವಮಿ ಬರುತ್ತದೆ.

ಅಭ್ಯಾಸಕ್ಕೆ ನಿಮಗೆ ಐದಾರು ತಿಂಗಳು ಬೇಕು. ವಾರದ ಒಟ್ಟು ದೂರವನ್ನು ನೂರಕ್ಕೆ ಹತ್ತರಂತೆ ಏರಿಸಿ, ನಾಲ್ಕು ವಾರಕ್ಕೊಮ್ಮೆ ಇಳಿಸಿ. ಕೊನೆಗೆ ವಾರಕ್ಕೆ 25 ಕಿ.ಮೀ. ಮುಟ್ಟಲಿ. ಮಳೆಗಾಲದಲ್ಲಿ ಕೊಳ, ಅಕ್ಟೋಬರ್ ಕೊನೆಯಿಂದ ಕಡಲು. ಎಲ್ಲಕ್ಕಿಂತ ಫಲ ಕೊಡುವುದು ಶನಿವಾರ ಮೂರು ಗಂಟೆ, ಭಾನುವಾರ ಎರಡು ಗಂಟೆ, ಬೆನ್ನುಬೆನ್ನಿಗೆ. ಸೋತ ತೋಳಿನಲ್ಲಿ ಈಜುವುದು ಹೇಗೆಂದು ಎರಡನೆಯ ದಿನ ಕಲಿಸುತ್ತದೆ. ಡಿಸೆಂಬರಿನೊಳಗೆ ಒಮ್ಮೆ ಐದು ಗಂಟೆ ಕಡಲಲ್ಲಿ ಇದ್ದಿರಬೇಕು, ಅದೇ ಆಹಾರ, ಅದೇ ಕನ್ನಡಕ, ಅದೇ ಜನರೊಂದಿಗೆ. ಎರಡೂ ಪಕ್ಕಕ್ಕೆ ಉಸಿರೆಳೆಯಲು ಕಲಿಯಿರಿ. ಒಂದೇ ಪಕ್ಕದವರ ಭುಜ ಮೊದಲು ಕೈಕೊಡುತ್ತದೆ, ಅಲೆ ಆ ಪಕ್ಕದಿಂದಲೇ ಬಂದರಂತೂ ಮುಗಿಯಿತು. ನೇರ ಘಾರಾಪುರಿಗೆ ಕೈ ಹಾಕುವ ಮೊದಲು ಸಂಕ್ ರಾಕ್ ದೀಪಸ್ತಂಭದಿಂದ ಗೇಟ್‌ವೇವರೆಗಿನ 5 ಕಿ.ಮೀ. ಸ್ಪರ್ಧೆಯಲ್ಲಿ ಅಥವಾ ಮಾಲವಣದ ಚಿವಲಾ ಕಿನಾರೆಯ ಸ್ಪರ್ಧೆಯಲ್ಲಿ ಒಮ್ಮೆ ಇಳಿದು ಬನ್ನಿ. ಸಂಕ್ ರಾಕಿನದು ಕೊನೆಗೊಳ್ಳುವುದು ನಿಮ್ಮ ಗುರಿಯಲ್ಲೇ.

ಕಾಗದಪತ್ರ ಬೇಸರದ ಕೆಲಸ, ಆದರೆ ತಪ್ಪಿಸುವಂತಿಲ್ಲ. ಬಂದರು ಪ್ರಾಧಿಕಾರ, ಪೊಲೀಸರು, ನೌಕಾಪಡೆ, ಜೊತೆಗೆ ವೀಕ್ಷಕರನ್ನು ಕಳಿಸುವ ರಾಜ್ಯದ ಹವ್ಯಾಸಿ ಈಜು ಸಂಸ್ಥೆ. ಸಂಸ್ಥೆಯಿಂದ ಶುರು ಮಾಡಿ, ಅವರಿಗೆ ಉಳಿದ ಬಾಗಿಲುಗಳು ಗೊತ್ತು. ಎರಡು ತಿಂಗಳು ಮೊದಲೇ ಅರ್ಜಿ ಹಾಕಿ. ವೈದ್ಯರ ಪ್ರಮಾಣಪತ್ರ, ದೋಣಿಗಳ ನೋಂದಣಿ ಸಂಖ್ಯೆ, ದೋಣಿಯಲ್ಲಿರುವವರ ಹೆಸರು ಸೇರಿಸಿ. ಒಂದೇ ತಾರೀಖು ಬರೆಯಬೇಡಿ, ಮುಂದಿನ ಭಾಂಗಿನ ತಾರೀಖುಗಳನ್ನೂ ಬರೆಯಿರಿ. ಗಾಳಿ ಕೆಟ್ಟರೆ ಮತ್ತೆ ಅಲೆಯುವುದು ತಪ್ಪುತ್ತದೆ. ನೌಕಾಪಡೆಯ ಜಾಗ, ಡ್ರೋನ್ ಹಾರಿಸುವ ಆಸೆ ಇದ್ದರೆ ಮನೆಯಲ್ಲೇ ಬಿಟ್ಟು ಬನ್ನಿ.

ಕೊನೆಯ ನೂರು ಮೀಟರಿಗೆ ಒಂದು ಮಾತು. ಗೇಟ್‌ವೇಯ ಕಲ್ಲುಗೋಡೆಗೆ ಬಡಿದ ಅಲೆ ತಿರುಗಿ ಬರುತ್ತದೆ, ಮುಂದಿನದೂ ಹಿಂದಿನದೂ ಸೇರಿ ನೀರು ಕುದಿಯುವ ಹಾಗಿರುತ್ತದೆ. ಲಾಂಚುಗಳು ಜೆಟ್ಟಿಯಿಂದ ಹಿಮ್ಮುಖವಾಗಿ ಹೊರಡುವಾಗ ಹಿಂದೆ ನೋಡುವುದಿಲ್ಲ. ಚಿಕ್ಕ ಹೋಡಿ ಮುಂದೆ ಹೋಗಿ ದಾರಿ ಬಿಡಿಸಿಕೊಟ್ಟ ಮೇಲೆಯೇ ಒಳಗೆ ಬನ್ನಿ. ನಿಮ್ಮದು ಇಳಿತದ ಕೊನೆಯ ಹೊತ್ತು, ಆದ್ದರಿಂದ ಸಾಮಾನ್ಯವಾಗಿ ಮುಳುಗಿರುವ ಕೆಳಗಿನ ಮೆಟ್ಟಿಲುಗಳು ಹೊರಬಿದ್ದಿರುತ್ತವೆ. ಅವುಗಳ ಮೇಲೆ ಪಾಚಿ, ಅಂಚಿನಲ್ಲಿ ಬ್ಲೇಡಿನಂಥ ಚಿಪ್ಪುಗಳು. ಕೈ ಮುಟ್ಟಿಸಿ, ಹತ್ತಬೇಡಿ. ತಿರುಗಿ ಮೆಟ್ಟಿಲ ಮೇಲೆ ಕುಳಿತುಕೊಳ್ಳಿ. ಅಷ್ಟು ಹೊತ್ತು ನೀರಿನಲ್ಲಿ ಅಡ್ಡವಾಗಿದ್ದ ಮೈ ಒಮ್ಮೆಲೇ ನಿಂತರೆ ರಕ್ತವೆಲ್ಲ ಕಾಲಿಗಿಳಿದು ತಲೆ ಸುತ್ತುತ್ತದೆ, ಬೀಳುವುದು ಕಲ್ಲಿನ ಮೇಲೆ. ಎರಡು ನಿಮಿಷ ಕುಳಿತು, ಟವೆಲ್ ಹೊದ್ದು, ಬಿಸಿ ಚಹಾ ಎರಡು ಗುಟುಕು ಕುಡಿದು, ಆಮೇಲೆ ಚಪ್ಪಲಿ ಹಾಕಿಕೊಂಡೇ ಮೆಟ್ಟಿಲು ಹತ್ತಿ.